ಬೆಲ್ಲದ ರೋಲರ್ ಕೊನೆಗೂ ಕೈಗೂಡಿತು

ಹೋದ ಜನವರಿಯಲ್ಲಿ ಎರಕ ಹೊಯ್ದ, ಸೀಸದ ಅಕ್ಷರಕ್ಕೆ ಮಸಿ ಹಚ್ಚೋ ಮೂರು ರೋಲರ್‌ಗಳು ಮೇ ಕೊನೆಯವರೆಗೂ ನನ್ನ ಟ್ರೆಡಲ್ (ಕಾಲಲ್ಲಿ ತುಳಿದು ಓಡಿಸೋ ಮುದ್ರಣದ ಮಷಿನ್) ಮೇಲೆ ಓಡಿದವು. ಕರಗಲಿಲ್ಲ, ಸೀಳಲಿಲ್ಲ, ಒಂದು ಒತ್ತಕ್ಷರಕ್ಕೂ ಮಸಿ ತಪ್ಪಿಸಲಿಲ್ಲ. ಜೂನ್‌ನಲ್ಲಿ ಹೊಯ್ದ ಇನ್ನೊಂದು ಸೆಟ್ ಮಳೆಗಾಲ ಪೂರ್ತಿ ನಡೆಯಿತು. ಇವುಗಳಲ್ಲಿ ರಬ್ಬರ್ ಒಂದು ಚೂರೂ ಇಲ್ಲ. ಹಿಂದೆ ಬಡಿಗೇರು ಕಾಯಿಸಿ ಹಚ್ಚುತ್ತಿದ್ದ ಚರ್ಮದ ಸರಸ್ (ಅಂಟು), ಶಿರಸಿ ಕಡೆಯ ಜೋನಿಬೆಲ್ಲ (ನೀರಾಗಿರೋ ಬೆಲ್ಲ), ಗ್ಲಿಸರಿನ್. ಅಷ್ಟೇ.

ಇದು ಆಗೋದಿಲ್ಲ ಅಂತ ಮುಖಕ್ಕೇ ಹೇಳಿದವರು ಕಡಿಮೆ ಅಂದರೂ ಐದು ಜನ. ನಮ್ಮ ಗದಗದ ಜೋಡಿ ಊರು ಬೆಟಗೇರಿಯಲ್ಲಿ ನಲವತ್ತು ವರ್ಷ ಟ್ರೆಡಲ್ ತುಳಿದ ಕಾಕಾ ಒಬ್ಬರಿದ್ದಾರೆ. ಅವರು, "ತಮ್ಮಾ, ಬೆಲ್ಲದ ರೋಲರ್ ಅಂದ್ರ ನಮ್ಮ ಕಾಲಕ್ಕೂ ತಲಿಬ್ಯಾನಿನ. ಸುಮ್ನ ರಬ್ಬರ್ ಹಾಕ್ಸು" ಅಂದಿದ್ದರು. ಹುಬ್ಬಳ್ಳಿ ಗೋಕುಲ ರೋಡ್ ಕೈಗಾರಿಕಾ ವಸಾಹತಿನಲ್ಲಿ ಲೇತ್ ಇಟ್ಟಿರೋ ನನ್ನ ಗೆಳೆಯನಂತೂ, "ಲೇ, ಇದು ಇಂಜಿನಿಯರಿಂಗ್ ಅಲ್ಲ, ಅಡಗಿ" ಅಂದ. ಈಗ ಆ ಗೆಳೆಯನೇ ಬಂದವರಿಗೆಲ್ಲ ನನ್ನ ರೋಲರ್ ಫೋಟೋ ತೋರಿಸುತ್ತಾನೆ. ಅದಕ್ಕೇ ಬರೆದು ಇಡೋಣ ಅನ್ನಿಸಿತು. ಲೆಕ್ಕ ಎಲ್ಲ ನೆನಪಿನಿಂದ ಹೇಳುತ್ತಿದ್ದೇನೆ, ನೂರು ಇನ್ನೂರು ಹಿಂದೆ ಮುಂದೆ ಆಗಬಹುದು.

ಮೊದಲು ಮಷಿನ್ ಸಿಕ್ಕ ಕತೆ. ಗದಗಕ್ಕೆ ಮುದ್ರಣ ಕಾಶಿ ಅನ್ನೋ ಹೆಸರಿದೆ. ಆಫ್‌ಸೆಟ್ ಬಂದ ಮೇಲೆ ಓಣಿ ಓಣಿಯ ಟ್ರೆಡಲ್‌ಗಳು ಒಂದೊಂದಾಗಿ ಗುಜರಿ ಸೇರಿದವು. ನಾನು ಹಳೇ ಸಾಮಾನು ಹುಡುಕಿಕೊಂಡು ವಾರಕ್ಕೊಮ್ಮೆಯಾದರೂ ಗುಜರಿ ಅಂಗಡಿ ಸುತ್ತುವವನು. ಹೊಲಿಗೆ ಮಷಿನ್ ಸ್ಟ್ಯಾಂಡ್, ವಾಲ್ವ್ ರೇಡಿಯೋ, ಕೈ ಡ್ರಿಲ್ಲು, ಹೀಗೆ ಮನೆ ತುಂಬಿಸಿದ್ದೇನೆ. ನಾಲ್ಕು ವರ್ಷದ ಹಿಂದೆ ಬೆಟಗೇರಿಯ ಒಂದು ಅಂಗಡಿ ಮುಂದೆ ಕ್ರೌನ್ ಫೋಲಿಯೋ ಅಳತೆಯ ಟ್ರೆಡಲ್ ನಿಂತಿತ್ತು. 10 ಬೈ 15 ಇಂಚಿನ ಚೇಸ್, ಅಂದರೆ ಅಕ್ಷರ ಬಿಗಿಯೋ ಚೌಕಟ್ಟು. ಪಕ್ಕದಲ್ಲೇ ಹುಡುಗನೊಬ್ಬ ಎಂಟು ಕೆಜಿ ಸುತ್ತಿಗೆ ಹಿಡಿದು ನಿಂತಿದ್ದ. ಫ್ಲೈವೀಲ್ ಒಡೆದು ತೂಕಕ್ಕೆ ಹಾಕೋದೊಂದೇ ಬಾಕಿ. ನಾನು ಹೋಗಿ ಚಕ್ರದ ಮೇಲೆ ಕೈಯಿಟ್ಟು ನಿಂತುಬಿಟ್ಟೆ. ಬೀಡಿನ (ಎರಕದ ಕಬ್ಬಿಣದ) ರೇಟಿಗೇ ಕೊಡಿ, ತೂಕ ಮಾಡಿಸಿ ಅಂದೆ. ಆರೂವರೆ ಕ್ವಿಂಟಲ್ ಮೇಲೆ ಸ್ವಲ್ಪ ಬಂತು. 23 ಸಾವಿರಕ್ಕೆ ಮುಗಿಯಿತು. ಕ್ರೇನ್ ಮತ್ತು ಗಾಡಿ ಬಾಡಿಗೆ 4,500.

ಮನೆಗೆ ಬಂದ ಮೇಲೆ ಎಡಗಡೆ ತೋಳಿನಲ್ಲಿ ಬಿರುಕು ಕಂಡಿತು. ಮಣ್ಣು ಗ್ರೀಸು ಮೆತ್ತಿದ್ದರಿಂದ ಅಲ್ಲಿ ಕಂಡಿರಲಿಲ್ಲ. ನಿಕ್ಕಲ್ ವೆಲ್ಡಿಂಗ್ ರಾಡ್‌ನಲ್ಲಿ ಒಂದೊಂದು ಇಂಚು ಹಾಕಿ, ಬಡಿದು, ತಣಿಸಿ, ಮತ್ತೆ ಒಂದಿಂಚು. ಪೂರ್ತಿ ಒಂದು ದಿನ ಹಿಡಿಯಿತು, 2,800 ಖರ್ಚು. ಅದರ ಬಗ್ಗೆ ಹೇಳೋದು ಜಾಸ್ತಿ ಇಲ್ಲ, ಬೀಡು ಬೆಸೆದವರಿಗೆ ಗೊತ್ತು. ಬುಷ್‌ಗಳನ್ನು ಗೆಳೆಯನ ಲೇತ್‌ನಲ್ಲಿ ಗನ್‌ಮೆಟಲ್‌ನಿಂದ ಮಾಡಿಕೊಂಡೆ.

ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಸಿಕ್ಕಿದ್ದು ಬೇರೆ ಕಡೆ. ಮುಚ್ಚಿದ ಪ್ರೆಸ್ ಒಂದರ ಮಾಳಿಗೆ ಮೇಲೆ ಎರಡು ಕೇಸ್ ಕನ್ನಡ ಮೊಳೆ, ಸುಮಾರು 40 ಕೆಜಿ, ಸೀಸದ ಗುಜರಿ ಲೆಕ್ಕದಲ್ಲಿ 7,600 ಕೊಟ್ಟೆ. ಅದರ ಜೊತೆ ಒಂದು ಗ್ಯಾಲಿಯಲ್ಲಿ (ಉದ್ದನೆಯ ತಟ್ಟೆ) ದಾರ ಸುತ್ತಿ ಕಟ್ಟಿಟ್ಟ ಮ್ಯಾಟರ್, ಅಂದರೆ ಮೊಳೆ ಜೋಡಿಸಿದ ಪುಟ, ಇತ್ತು, ಬಿಚ್ಚಿರಲೇ ಇಲ್ಲ. ಬ್ರಶ್ಶಿನಲ್ಲಿ ಸೀಮೆಎಣ್ಣೆ ಹಾಕಿ ಉಜ್ಜಿ, ತಿರುವುಮುರುವಾಗಿ ಓದಿದೆ. ಸಹಕಾರಿ ಸಂಘವೊಂದರ ಪಾವತಿ ಪುಸ್ತಕದ ಹಾಳೆ. ಕೆಳಗೆ "ತಾ: ಗದಗ, ಜಿ: ಧಾರವಾಡ" ಅಂತ ಇತ್ತು. ನಮ್ಮದು ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಅಂದರೆ ಕಟ್ಟಿಟ್ಟವರು ಅದಕ್ಕೂ ಮುಂಚೆ ಕಟ್ಟಿ, ಮುಂದಿನ ಆರ್ಡರ್ ಬರುತ್ತೆ ಅಂತ ಹಾಗೇ ಬಿಟ್ಟಿದ್ದರು. ಕಣಗಿನಹಾಳದಲ್ಲಿ 1905ರಲ್ಲೇ ಪತ್ತಿನ ಸಹಕಾರ ಸಂಘ ಶುರುವಾದ ಸೀಮೆ ಇದು. ಸಂಘದ ಪಾವತಿ, ನಾಟಕ ಕಂಪನಿಯ ಕರಪತ್ರ, ಲಗ್ನಪತ್ರಿಕೆ, ಈ ಮೂರರ ಮೇಲೆ ಎಷ್ಟೋ ಸಣ್ಣ ಪ್ರೆಸ್‌ಗಳು ಬದುಕಿದ್ದವು. ಆ ಮ್ಯಾಟರ್ ಬಿಚ್ಚಲು ನನಗೆ ಮನಸ್ಸು ಬರಲಿಲ್ಲ. ನನ್ನ ರೋಲರ್ ಮೊದಲು ಮಸಿ ಹಚ್ಚೋದು ಇದಕ್ಕೇ ಅಂತ ಅವತ್ತೇ ಅಂದುಕೊಂಡೆ.

ಈಗ ರೋಲರ್‌ಗೆ ಬರೋಣ. ಮಷಿನ್ ಜೊತೆ ಬಂದಿದ್ದು ಬರೀ ಮೂರು ಕಬ್ಬಿಣದ ಸರಳು, ಮೇಲೆ ಏನೂ ಇಲ್ಲ. ಕಾಕಾ ಹೇಳಿದಂತೆ ಮೊದಲು ರಬ್ಬರ್‌ಗೇ ಹೋದೆ. ಊರ ಹೊರಗಿನ ಒಂದು ಕಾರ್ಖಾನೆಯಲ್ಲಿ ಒಂದಕ್ಕೆ 2,200ರಂತೆ ಮೂರಕ್ಕೆ 6,600 ಕೊಟ್ಟೆ. ಇಪ್ಪತ್ತು ದಿನ ಅಂದವರು ಎರಡೂವರೆ ತಿಂಗಳು ಮಾಡಿದರು. ಮೆತ್ತಗೆ ಇರಲಿ ಅಂತ ಬರೆದುಕೊಟ್ಟಿದ್ದೆ. ಬಂದ ಮೇಲೆ 1,300 ಕೊಟ್ಟು ಗಡಸು ಅಳೆಯೋ ಮೀಟರ್ ತರಿಸಿ ಇಟ್ಟು ನೋಡಿದರೆ ಶೋರ್ ಅಳತೆಯಲ್ಲಿ 45, ಅಂದರೆ ತೀರಾ ಗಡಸು. ಬೇಕಾಗಿದ್ದು 20ರಿಂದ 25. ಹೊಸ ಮೊಳೆ ಆಗಿದ್ದರೆ ಹೇಗೋ ನಡೀತಿತ್ತು. ನನ್ನವು ಸವೆದ ಮೊಳೆ. ಎತ್ತರ 23.32 ಮಿಲಿಮೀಟರ್ ಇರಬೇಕಾದಲ್ಲಿ ಕೆಲವು 23.2ಕ್ಕೆ ಬಂದಿದ್ದವು. ಗಡಸು ರೋಲರ್ ಎತ್ತರದ ಅಕ್ಷರದ ಮೇಲೆ ಓಡಿ, ಗಿಡ್ಡ ಅಕ್ಷರವನ್ನು ಮುಟ್ಟದೇ ಹೋಗುತ್ತದೆ. ರೋಲರ್ ಇಳಿಸಿದರೆ ಎತ್ತರದ್ದರ ಅಂಚಿಗೆಲ್ಲ ಮಸಿ ತುಂಬಿ, ಒತ್ತಕ್ಷರ ಕಪ್ಪು ಚುಕ್ಕೆ ಆಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಇದು ಅಷ್ಟು ಕಾಣಲ್ಲ. ಕನ್ನಡದಲ್ಲಿ "ಳ್ಳಿ", "ಷ್ಠ" ಇರೋ ಸಾಲು ನೋಡಿ, ತಕ್ಷಣ ಕಾಣುತ್ತದೆ.

ಆಗಲೇ ಬೆಲ್ಲದ ರೋಲರ್ ತಲೆಗೆ ಹೊಕ್ಕಿತು. ಹತ್ತೊಂಬತ್ತನೇ ಶತಮಾನದ ಆರಂಭದವರೆಗೆ ಚರ್ಮದ ಉಂಡೆಗೆ ಮಸಿ ಹಚ್ಚಿ ಮೊಳೆ ಮೇಲೆ ಬಡಿಯುತ್ತಿದ್ದರು. ಆಮೇಲೆ ಸರಸ್ ಮತ್ತು ಕಾಕಂಬಿ ಕೂಡಿಸಿ ಕಾಯಿಸಿದ ಪಾಕದಿಂದ ರೋಲರ್ ಹೊಯ್ಯೋದು ಬಂತು. ಒಳ್ಳೇ ರೋಲರ್ ಹೇಗಿರಬೇಕು ಅಂತ ಕಾಕಾನ ಕೇಳಿದ್ದಕ್ಕೆ ಅವರು ನನ್ನ ಕೈ ಹಿಡಿದು, ನನ್ನ ಕಿವಿ ಹಾಲೆ ಮೇಲೇ ಇಟ್ಟು ಒತ್ತಿಸಿದರು. "ಹಿಂಗ. ಒತ್ತಿದ್ರ ಒಳಗ ಹೋಗ್ಬೇಕು, ಬಿಟ್ರ ಬರ್ಬೇಕು. ಬಟ್ಟಿಗೆ ಒಂಚೂರು ಹಿಡೀಬೇಕು, ಆದ್ರ ಅಂಟ್ಕೋಬಾರ್ದು." ಆ ಒಂದು ಮಾತು ನನಗೆ ಮೀಟರ್‌ಗಿಂತ ಜಾಸ್ತಿ ಕೆಲಸಕ್ಕೆ ಬಂದಿದೆ.

ಮೊದಲ ಸಲ ನೇರವಾಗಿ ಗ್ಯಾಸ್ ಮೇಲೆ ಕಾಯಿಸಿದೆ. ತಪ್ಪು. ಸರಸ್ 70 ಡಿಗ್ರಿ ದಾಟಿದರೆ ಹಿಡಿತ ಕಳೆದುಕೊಳ್ಳುತ್ತದೆ, ತಳ ಹತ್ತುತ್ತದೆ. ವಾಸನೆಗೆ ಅವ್ವ ಅಡುಗೆಮನೆ ಬಾಗಿಲಲ್ಲೇ ನಿಂತು, "ಏನ್ ಹಚ್ಚಿಯೋ ಇದು, ಮನ್ಯಾಗ ಸತ್ತ ದನದ ವಾಸನಿ ಬರಾಕತ್ತೈತಿ" ಅಂದಳು. ಅವಳ ಮಾತು ನ್ಯಾಯವಾಗಿತ್ತು. ನಮ್ಮದು ತತ್ತಿಯನ್ನೂ ಒಳಗೆ ತರದ ಮನೆ. ಮರುದಿನವೇ ಎಲ್ಲಾ ಸಾಮಾನು ಮಾಳಿಗೆ ಮೇಲಿನ ಶೆಡ್ಡಿಗೆ ಹೋಯಿತು.

ಅವ್ವನ ಸಲುವಾಗಿ ನಡುವೆ ಒಂದು ತಿಂಗಳು ಸರಸ್ ಬಿಟ್ಟು ಅಗರ್ ಅಗರ್‌ನಲ್ಲೂ ಮಾಡಿ ನೋಡಿದೆ. ಗ್ಲಿಸರಿನ್ ಎಷ್ಟು ಸುರಿದರೂ ಅದು ಎಳೆಯೋ ಗುಣ ತಗೊಳ್ಳಲ್ಲ. ಬಗ್ಗಿಸಿದರೆ ಖೋವಾ ಮುರಿದಂತೆ ಮುರಿಯುತ್ತದೆ, ಎರಡು ದಿನ ಬಿಟ್ಟರೆ ನೀರು ಒಸರುತ್ತದೆ. ಯಾರಿಗಾದರೂ ಆ ಯೋಚನೆ ಇದ್ದರೆ ದುಡ್ಡು ಉಳಿಸಿಕೊಳ್ಳಿ.

ಎರಡನೇ ಸಲ ಕಾಯಿಸೋದು ಸರಿಹೋಯಿತು. ಹಾಲು ಕಾಯಿಸೋ ಎರಡು ಗೋಡೆಯ ಕುಕ್ಕರ್ ಇರುತ್ತಲ್ಲ, ನಡುವೆ ನೀರು ತುಂಬಿ ಸೀಟಿ ಹಾಕೋದು, ಅದನ್ನು 650 ಕೊಟ್ಟು ತಂದೆ. ಸೀಟಿ ಕಿತ್ತು ಆ ತೂತಿನಲ್ಲಿ ಸೆನ್ಸರ್ ಇಳಿಸಿ, ಹಳೇ ಗೀಸರ್ ಕಾಯಿಲ್ ಮತ್ತು ಥರ್ಮೋಸ್ಟ್ಯಾಟ್ ಕೂಡಿಸಿ 65ರಲ್ಲಿ ನಿಲ್ಲಿಸಿದೆ. ಸರಸ್ ಪಾತ್ರೆ ಅಂದರೆ ಇದಕ್ಕಿಂತ ಒಳ್ಳೇದು ಬೇರೆ ಇಲ್ಲ, ಇದನ್ನು ಧೈರ್ಯವಾಗಿ ಹೇಳುತ್ತೇನೆ. ಕೆಟ್ಟಿದ್ದು ಅಚ್ಚು. ಪಿವಿಸಿ ಪೈಪ್ ಉದ್ದಕ್ಕೆ ಸೀಳಿ, ಕ್ಲಿಪ್ ಹಾಕಿ ಹೊಯ್ದಿದ್ದೆ. ಬಿಸಿಗೆ ಪೈಪ್ ಬಾಗಿತು. ಬೆಳಿಗ್ಗೆ ಬಿಚ್ಚಿದರೆ ರೋಲರ್ ಬಾಳೆಹಣ್ಣಿನ ಆಕಾರ. ಜೊತೆಗೆ ಸೀಳಿದ ಜಾಗದಲ್ಲಿ ಒಂದು ಏಣು. ಕತ್ತರಿಯಿಂದ ಸವರಿ ಓಡಿಸಿ ನೋಡಿದೆ, ಪ್ರತಿ ಹಾಳೆ ಮೇಲೂ ಅಡ್ಡಕ್ಕೆ ಬಿಳಿ ಗೆರೆ.

ಅಚ್ಚಿಗೆ ಸೀಳು ಇರಬಾರದು, ಒಳಮೈ ಕನ್ನಡಿ ಹಾಗೆ ಇರಬೇಕು, ಬಿಸಿಗೆ ಬಾಗಬಾರದು. ಹಿತ್ತಾಳೆ ಕೊಳವೆ ಕೊರೆಸೋಣ ಅಂದರೆ ಏಳು ಸಾವಿರ ಹೇಳಿದರು. ಒಂದು ಭಾನುವಾರ ಹುಬ್ಬಳ್ಳಿ ಗುಜರಿಯಲ್ಲಿ ಸುಮ್ನೆ ನೋಡುತ್ತಾ ಹೋಗುವಾಗ ಮಣ್ಣು ಅಗೆಯೋ ಮಷಿನ್‌ನ ಹೈಡ್ರಾಲಿಕ್ ಸಿಲಿಂಡರ್ ಕಣ್ಣಿಗೆ ಬಿತ್ತು. ರಾಡ್ ಬಾಗಿ ಹೋಗಿತ್ತು, ಸಿಲಿಂಡರ್ ಚೆನ್ನಾಗಿತ್ತು. ಒಳಗೆ ಬೆರಳು ಹಾಕಿದೆ. ಹೋನ್ ಮಾಡಿದ (ಉಜ್ಜಿ ನುಣುಪು ಮಾಡಿದ) ಮೈ, ಗಾಜಿನ ಮೇಲೆ ಬೆರಳು ಜಾರಿದಂತೆ ಜಾರಿತು. ಬೋರ್, ಅಂದರೆ ಒಳವ್ಯಾಸ, 45 ಮಿಲಿಮೀಟರ್, ಉದ್ದ ಎರಡು ಅಡಿ ಚಿಲ್ಲರೆ. ಅಂಗಡಿಯವನು 1,200 ಅಂದ, 900ಕ್ಕೆ ಬಂತು. ಎರಡೂ ತುದಿಗೆ ಸರಳನ್ನು ನಟ್ಟನಡುವೆ ಹಿಡಿಯೋ ಮುಚ್ಚಳ ತಿರುಗಿಸಿಕೊಳ್ಳಲು, ಉಳಿದ ಲೇತ್ ಕೆಲಸ ಸೇರಿ, 1,800 ಆಯಿತು. ರೋಲರ್ 45ಕ್ಕೆ ಹೊಯ್ದರೆ ತಣಿದ ಮೇಲೆ 44ರ ಹತ್ತಿರ ನಿಲ್ಲುತ್ತದೆ. ಮಷಿನ್‌ನ ಹಳೇ ರನ್ನರ್ (ರೋಲರ್ ತುದಿಯಲ್ಲಿ ಹಳಿ ಮೇಲೆ ಓಡೋ ಗಾಲಿ) ಅಳತೆ ಹೊಂದಲಿಲ್ಲ. ನೈಲಾನ್ ರಾಡಿನಿಂದ 44ರ ಹೊಸ ರನ್ನರ್ ತಿರುಗಿಸಿಕೊಂಡೆ. ರೋಲರ್‌ಗೆ ತಕ್ಕ ರನ್ನರ್ ಮಾಡೋದು ಸುಲಭ, ರನ್ನರ್‌ಗೆ ತಕ್ಕ ರೋಲರ್ ಮಾಡೋದು ಕಷ್ಟ. ಇದು ಗೊತ್ತಾಗಲು ನನಗೆ ಒಂದು ವರ್ಷ ಬೇಕಾಯಿತು.

ಸರಳಿಗೆ ಪಾಕ ಹಿಡಿಯಲು ನೂಲು ಸುತ್ತಬೇಕು. ಮೊದಲು ಪ್ಲಾಸ್ಟಿಕ್ ಸುತಳಿ ಸುತ್ತಿದ್ದೆ, ರೋಲರ್ ಒಂದು ಕಡೆ ಸರಳು ಒಂದು ಕಡೆ ತಿರುಗಿತು. ಬೆಟಗೇರಿಯ ನೇಕಾರರ ಮನೆಯಿಂದ ಹತ್ತಿ ನೂಲು ತಂದು, ಒದ್ದೆ ಮಾಡಿ ಬಿಗಿಯಾಗಿ ಸುತ್ತಿ, ತೆಳು ಸರಸ್ ಸವರಿ ಒಣಗಿಸಿದೆ. ಆಮೇಲೆ ಎಂದೂ ಜಾರಿಲ್ಲ. ನೂಲಿಗೆ ಅವರು ದುಡ್ಡು ತಗೊಳ್ಳಲಿಲ್ಲ.

ಮೂರನೇ ಸಲ ಎಲ್ಲ ಸರಿ ಬಂತು ಅಂದುಕೊಂಡೆ. ಅಚ್ಚಿನಿಂದ ರೋಲರ್ ನುಣ್ಣಗೆ ಜಾರಿ ಬಂತು. ಮೀಟರ್ 22 ತೋರಿಸಿತು. ಹದಿನೈದು ದಿನಕ್ಕೆ ಮೈಮೇಲೆ ಮರಳು ಮರಳಾಗಿ ಕೈಗೆ ಹತ್ತತೊಡಗಿತು. ಬ್ಲೇಡಿನಿಂದ ಕೊಯ್ದು ನೋಡಿದರೆ ಒಳಗೆಲ್ಲ ಸಕ್ಕರೆ ಹರಳು. ಅಚ್ಚುಬೆಲ್ಲ ಹಾಕಿದ್ದರ ಫಲ ಅದು. ಬೆಲ್ಲದಲ್ಲಿನ ಸಕ್ಕರೆ ನೀರು ಆರುತ್ತಾ ಹೋದಂತೆ ಹರಳಾಗಿ ಕೂರುತ್ತದೆ. ನಿಂಬೆರಸ ಹಾಕಿ ಕುದಿಸಿ ಸಕ್ಕರೆ ಒಡೆಯೋಣ ಅಂತ ಹೋದೆ. ಹರಳಾಗೋದು ನಿಂತಿತು, ಆದರೆ ಹುಳಿಗೆ ಸರಸ್ ಸೋತಿತು. ಸೋಡಾ ಹಾಕಿ ಹುಳಿ ಮುರಿದರೆ ಪಾಕ ಡಾಂಬರಿನ ಹಾಗೆ ಕಪ್ಪಾಗಿ, ನೊರೆ ಎದ್ದಿತು. ಅದೇ ನೊರೆ ತೆಗೆಯಲು ಹಳೇ ಫ್ರಿಜ್ ಕಂಪ್ರೆಸರ್ ಜೋಡಿಸಿ ಗಾಳಿ ಎಳೆದೆ. ಪಾಕ ಹಾಲು ಉಕ್ಕಿದಂತೆ ಉಕ್ಕಿ ಪೈಪಿನಲ್ಲಿ ಏರಿ ಕಂಪ್ರೆಸರ್ ಒಳಗೇ ಹೋಯಿತು. 1,500 ರೂಪಾಯಿ ಅಲ್ಲಿಗೆ ಹೋಯಿತು. ಗುಳ್ಳೆ ಹೋಗಲು ಮಷಿನ್ ಏನೂ ಬೇಡ. 60 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಮುಟ್ಟದೇ ಬಿಡಿ, ಮೇಲಿನ ಕೆನೆ ತೆಗೆಯಿರಿ, ಸಾಕು.

ಹರಳಾಗದ ಬೆಲ್ಲ ಬೇಕು ಅಂದಾಗ ನೆನಪಾಗಿದ್ದು ಜೋನಿ. ಫೆಬ್ರುವರಿಯಲ್ಲಿ ಬೈಕ್ ಹತ್ತಿ ಹುಬ್ಬಳ್ಳಿ, ತಡಸ, ಮುಂಡಗೋಡ ದಾಟಿ ಶಿರಸಿ ಕಡೆ ಹೋದೆ. ತಡಸ ಬಿಟ್ಟ ಮೇಲೆ ಗಾಳಿಯೇ ಬೇರೆ ಆಗುತ್ತದೆ, ಕರಿಮಣ್ಣು ಹೋಗಿ ಕೆಂಪು ಮಣ್ಣು ಬರುತ್ತದೆ. ಅದು ಆಲೆಮನೆ ಸೀಸನ್. ರಾತ್ರಿ ಒಂದು ಆಲೆಮನೆಯಲ್ಲಿ ಕೂತೆ. ಕೊಪ್ಪರಿಗೆ ಮುಂದೆ ನಿಂತ ಹಿರಿಯರು ಸೌಟಿನಿಂದ ಪಾಕ ಎತ್ತಿ ಬೀಳಿಸಿ, ಎಳೆ ನೋಡಿ, ಬೆಂಕಿ ಎಳೆಸುತ್ತಿದ್ದರು. ಕೈಯಲ್ಲಿ ಥರ್ಮಾಮೀಟರ್ ಇಲ್ಲ, ಗಡಿಯಾರ ಇಲ್ಲ. ನಾನು ಬ್ಯಾಗಿನಿಂದ ಥರ್ಮಾಮೀಟರ್ ತೆಗೆದು ಮೂರು ಸಲ ಅಳೆದೆ. ಅವರು ಬೆಂಕಿ ಎಳೆಸಿದಾಗ ಮೂರೂ ಸಲ ಒಂದು ಡಿಗ್ರಿ ಒಳಗೇ ವ್ಯತ್ಯಾಸ. ಅವರ ಕೈಗೆ ನಮಸ್ಕಾರ ಮಾಡಿದೆ. ನಾನು ಯಾಕೆ ಬಂದೆ ಅಂತ ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ. ಹಳೇ ಡಬ್ಬಿಯೊಂದನ್ನು ತೋರಿಸಿ, ಮೇಲಿನ ತಿಳಿ ಮಾತ್ರ ತಗೊಳ್ಳಿ, ತಳದ್ದು ಕಾಳು ಕಟ್ಟುತ್ತದೆ ಅಂದರು. ಆ ತಿಳಿಯೇ ನನಗೆ ಬೇಕಾಗಿದ್ದ ವಸ್ತು. ಹತ್ತು ಕೆಜಿ ತಿಳಿ ಜೋನಿ 1,300ಕ್ಕೆ ತಂದೆ. ಬರುವಾಗ ಕುಡಿಯಲು ಕಬ್ಬಿನಹಾಲು ಕೊಟ್ಟರು, ಅದಕ್ಕೆ ದುಡ್ಡು ಕೇಳಲಿಲ್ಲ.

ಜೋನಿ ಬಂದ ಮೇಲೆ ನಾಲ್ಕನೇ ಸೆಟ್ ಹೊಯ್ದೆ. ಹರಳಿಲ್ಲ, ಗುಳ್ಳೆಯಿಲ್ಲ. ಹತ್ತು ದಿನ ಓಡಿಸಿದೆ. ಆ ಗ್ಯಾಲಿಯ ಪಾವತಿ ಹಾಳೆಗೂ ಮಸಿ ಹಚ್ಚಿದೆ. ಹಳೇ ಮೊಳೆಯಲ್ಲಿ "ಜಿ: ಧಾರವಾಡ" ಅಂತ ಕಡುಗಪ್ಪಾಗಿ ಹಾಳೆ ಮೇಲೆ ಕೂತಾಗ ನಾನು ಶೆಡ್ಡಿನಲ್ಲಿ ಒಬ್ಬನೇ ಚಪ್ಪಾಳೆ ಹೊಡೆದೆ. ಹನ್ನೊಂದನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಮೂರೂ ರೋಲರ್ ಇಲಿ ತಿಂದಿದ್ದವು. ಒಂದರಲ್ಲಂತೂ ಸರಳು, ನೂಲು ಮಾತ್ರ ಉಳಿದಿತ್ತು. ಸರಸ್ ಮತ್ತು ಬೆಲ್ಲ, ಇಲಿಗೆ ಇದಕ್ಕಿಂತ ಹಬ್ಬ ಬೇಕಾ? ಆ ದಿನ ಮನಸ್ಸಿಗೆ ನಿಜವಾಗಿಯೂ ಬೇಜಾರಾಗಿತ್ತು. ಎರಡು ತಿಂಗಳು ಶೆಡ್ ಬಾಗಿಲು ತೆಗೆಯಲಿಲ್ಲ.

ಐದನೇ ಸಲದ್ದು ಏಪ್ರಿಲ್‌ನಲ್ಲಿ ಹೊಯ್ದೆ, ಅದೇ ತಪ್ಪಾಯಿತು. ಆ ಬಿಸಿಲಲ್ಲಿ ಅಚ್ಚು ತಣಿಯಲೇ ಇಲ್ಲ. ಒದ್ದೆ ಗೋಣಿಚೀಲ ಸುತ್ತಿ ಹೇಗೋ ಹೊರಗೆ ತೆಗೆದೆ. ಮಧ್ಯಾಹ್ನ ಎರಡಕ್ಕೆ ಓಡಿಸಿದೆ, ತಗಡಿನ ಶೆಡ್ಡಿನಲ್ಲಿ 41 ಡಿಗ್ರಿ ಇತ್ತು. ನೂರೈವತ್ತು ಹಾಳೆಗೆ ರೋಲರ್ ಮೈ ಸಡಿಲಾಗಿ, ಮಸಿ ಹರಡೋ ಇಂಕ್ ಡಿಸ್ಕ್ ಮೇಲೆ ಸಿಪ್ಪೆ ಬಿಟ್ಟಿತು. ಡಿಸ್ಕ್ ತೊಳೆಯಲು ಒಂದಿಡೀ ದಿನ. ಆಗ ಕಾಕಾ ಬಂದು ನೋಡಿ ಒಂದೇ ಮಾತು ಹೇಳಿದರು, "ಬ್ಯಾಸಗಿದು ಬ್ಯಾರೆ, ಮಳಿದು ಬ್ಯಾರೆ, ತಮ್ಮಾ. ಒಂದ ಪಾಕ ವರ್ಷಾನಗಟ್ಟಲೆ ನಡೆಯಂಗಿಲ್ಲ." ಇದನ್ನು ಮೊದಲೇ ಹೇಳಿದ್ದರೆ ಆ ಸೆಟ್ ಉಳಿಯುತ್ತಿತ್ತು. ಆದರೆ ನಾನೂ ಮೊದಲೇ ಕೇಳಿರಲಿಲ್ಲ.

ಈಗ ನಾನು ಮಾಡುವ ಪಾಕ ಹೀಗೆ. ಚಳಿಗಾಲಕ್ಕೆ ಒಣ ಸರಸ್ ಹತ್ತು ಪಾಲು, ಜೋನಿ ಹತ್ತು, ಗ್ಲಿಸರಿನ್ ಹನ್ನೆರಡು. ಬೇಸಿಗೆಗೆ ಸರಸ್ ಒಂದೂವರೆ ಪಾಲು ಏರಿಸಿ, ಜೋನಿ ಒಂದು ಪಾಲು ಇಳಿಸುತ್ತೇನೆ. ನಮ್ಮ ಬಯಲುಸೀಮೆ ಬೇಸಿಗೆ ಒಣ ಬಿಸಿ, ಗ್ಲಿಸರಿನ್ ತೀರಾ ಕಡಿಮೆ ಮಾಡಿದರೆ ಮೈ ಒಣಗಿ ಮಸಿ ಹಿಡಿಯೋದೇ ಇಲ್ಲ. ಮಳೆಗಾಲಕ್ಕೆ ಗ್ಲಿಸರಿನ್ ಎರಡು ಮೂರು ಪಾಲು ಇಳಿಸಬೇಕು, ಇಲ್ಲದಿದ್ದರೆ ಗಾಳಿಯ ನೀರು ಕುಡಿದು ರೋಲರ್ ಉಬ್ಬುತ್ತದೆ. ಸರಸ್ ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ನೀರು ಚೆಲ್ಲಿ, ಬಟ್ಟೆ ಮೇಲೆ ಹರಡಿ. ತುಂಡು ತಗೊಂಡು ಬಗ್ಗಿಸಿದರೆ ಮುರಿಯಬಾರದು, ಮಣಿಯಬೇಕು. ನಡುವೆ ಗಟ್ಟಿ ಇದ್ದರೆ ಇನ್ನೂ ಎರಡು ಗಂಟೆ ಬಿಡಿ. ಮೊದಲು ಸರಸ್ ಒಂದೇ ಕರಗಲಿ, ಆಮೇಲೆ ಬೆಚ್ಚಗಿನ ಜೋನಿ, ಕೊನೆಗೆ ಗ್ಲಿಸರಿನ್. ಸೌಟು ನಿಧಾನ ತಿರುಗಿಸಿ, ಗಾಳಿ ಸೇರಬಾರದು. ಅಚ್ಚನ್ನು ಮೊದಲೇ ಬೆಚ್ಚಗೆ ಮಾಡಿ ನೆಟ್ಟಗೆ ನಿಲ್ಲಿಸಿ, ಸರಳಿನ ಮೇಲೇ ಸಣ್ಣ ಧಾರೆ ಇಳಿಬಿಡಿ. ನಾನು ಜನವರಿಯಲ್ಲಿ ರಾತ್ರಿ ಹತ್ತಕ್ಕೆ ಹೊಯ್ದು, ಬೆಳಿಗ್ಗೆ ಆರಕ್ಕೆ ಚಳಿ ಇರುವಾಗಲೇ ತಳ್ಳಿ ತೆಗೆಯುತ್ತೇನೆ. ತೆಗೆದ ರೋಲರ್ ಒಂದು ವಾರ ತೂಗುಹಾಕಿ, ಆಮೇಲೆ ಮಷಿನ್‌ಗೆ.

ಅಚ್ಚಿನ ಒಳಗೆ ಸವರೋ ಎಣ್ಣೆ ಯಾವುದು, ಇಲಿ ಮತ್ತು ಇರುವೆ ಮುಟ್ಟದ ಹಾಗೆ, ಬೂಷ್ಟು ಹಿಡಿಯದ ಹಾಗೆ ಪಾಕಕ್ಕೆ ಕೊನೆಯಲ್ಲಿ ಏನು ಬಿಡುತ್ತೇನೆ, ಈ ಎರಡು ಮಾತ್ರ ನನ್ನ ಹತ್ತಿರವೇ ಇರಲಿ. ಅವಕ್ಕೆ ನಾನು ಒಂದೂವರೆ ವರ್ಷ ಕೊಟ್ಟಿದ್ದೇನೆ. ಹರಳೆಣ್ಣೆಯಿಂದ ಶುರು ಮಾಡಿ ನೋಡಿ, ದಾರಿ ಸಿಗುತ್ತದೆ.

ಪಾಕ ಎಷ್ಟೇ ಚೆನ್ನಾಗಿದ್ದರೂ ಕಾಪಾಡುವುದರಲ್ಲೇ ಅರ್ಧ ಕೆಲಸ ಇದೆ. ನೀರು ತಾಗಿಸಲೇಬಾರದು. ನನ್ನ ತಂಗಿ ಮಗ ಒಮ್ಮೆ ಪ್ರೀತಿಯಿಂದ ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದ. ಮರುದಿನ ಮೈಯೆಲ್ಲ ಲೋಳೆ. ಸೀಮೆಎಣ್ಣೆಯಲ್ಲಿ ಒರೆಸಿ, ತೆಳ್ಳಗೆ ಮಷಿನ್ ಎಣ್ಣೆ ಹಚ್ಚಿ ತೂಗುಹಾಕಬೇಕು. ಒಂದು ಮುರಿದ ಕಬ್ಬಿಣದ ತಿಜೋರಿಯನ್ನು ಅದಕ್ಕೇ ಇಟ್ಟಿದ್ದೇನೆ. ಬೇಸಿಗೆಯಲ್ಲಿ ತಳಕ್ಕೆ ಒಂದು ಬಟ್ಟಲು ನೀರು, ಮಳೆಗಾಲದಲ್ಲಿ ಒಂದು ಬುಟ್ಟಿ ಸುಟ್ಟ ಸುಣ್ಣದ ಕಲ್ಲು. ಕಲ್ಲು ಪುಡಿಯಾದರೆ ಬದಲಾಯಿಸುತ್ತೇನೆ. ಏಪ್ರಿಲ್ ಮೇನಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತೂವರೆವರೆಗೆ ಮಾತ್ರ ಮಷಿನ್ ತುಳಿಯೋದು. ಗಂಟೆಗೆ 800 ಹಾಳೆ ದಾಟಿಸಲ್ಲ, ಜೋರಾಗಿ ಓಡಿಸಿದರೆ ತಿಕ್ಕಾಟಕ್ಕೇ ರೋಲರ್ ಬಿಸಿಯಾಗುತ್ತದೆ. ಮೋಟಾರ್ ಕೂಡಿಸು ಅಂತ ಎಲ್ಲರೂ ಹೇಳುತ್ತಾರೆ. ನಾನು ಕೂಡಿಸಲ್ಲ. ಕಾಲಿಗೆ ಮಷಿನ್ ಭಾರ ಗೊತ್ತಾಗುತ್ತದೆ. ಎಲ್ಲೋ ಹಿಡಿಯುತ್ತಿದೆ ಅನ್ನೋದು ಕಿವಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತದೆ.

ಇಷ್ಟರ ನಡುವೆ ಮೊಳೆ ಕಡೆಗೂ ಕೈ ಹಾಕಿದೆ. ನನ್ನ ಕೇಸಿನಲ್ಲಿ ಕೆಲವು ಒತ್ತು ಇರಲೇ ಇಲ್ಲ, ಅದರಲ್ಲೂ ಳ ಒತ್ತು ಎರಡೇ ಇದ್ದವು. ನಮ್ಮ ಕಡೆಯ ಊರ ಹೆಸರು ನೋಡಿ, ಹುಬ್ಬಳ್ಳಿಯಿಂದ ಹಿಡಿದು ಎಲ್ಲವೂ "ಳ್ಳಿ". ಎರಡು ಒತ್ತಿನಲ್ಲಿ ಲಗ್ನಪತ್ರಿಕೆ ಹೇಗೆ ಕಟ್ಟೋದು? ಇರೋ ಮೊಳೆಯ ಮುಖದ ಫೋಟೋ ತೆಗೆದು, ಕಂಪ್ಯೂಟರ್‌ನಲ್ಲಿ ಬರೆದು, ರೆಸಿನ್ ತ್ರೀಡಿ ಪ್ರಿಂಟರ್‌ನಲ್ಲಿ ಹನ್ನೆರಡು ಮಾಡಿಸಿದೆ. ಬಿಸಿಲಿಗೆ ಇಟ್ಟು ಗಟ್ಟಿ ಮಾಡಿದ ಮೇಲೆ ಸ್ವಲ್ಪ ಕುಗ್ಗುತ್ತವೆ, ಹಾಗಾಗಿ ಎತ್ತರ ತುಸು ಜಾಸ್ತಿ ಇಟ್ಟು ಕಲ್ಲಿಗೆ ಉಜ್ಜಿ ಇಳಿಸಬೇಕು. ಸೀಸದ ಮೊಳೆ ನಡುವೆ ಕೂರಿಸಿ ಒತ್ತಿದರೆ ಯಾವುದು ರೆಸಿನ್ ಅಂತ ಕಾಕಾಗೂ ಗೊತ್ತಾಗಲಿಲ್ಲ. ಎರಡು ಸಾವಿರ ಹಾಳೆ ಓಡಿವೆ, ಅಂಚು ಇನ್ನೂ ಚೂಪಾಗಿದೆ. ಇದನ್ನು ಬೇರೆಯಾಗಿಯೇ ಬರೆಯಬೇಕು.

ದುಡ್ಡಿನ ಲೆಕ್ಕ ಕೇಳುವವರು ಜಾಸ್ತಿ. ಕೆಟ್ಟ ಸೆಟ್‌ಗಳಲ್ಲಿ ಹೋದ ಸರಸ್ ಐದು ಕೆಜಿ, ಅದೇ ಎರಡು ಸಾವಿರ. ಗ್ಲಿಸರಿನ್ 900. ಮಷಿನ್, ಮೊಳೆ, ಸುಮ್ನೆ ಹೋದ ರಬ್ಬರ್, ಎಲ್ಲ ಸೇರಿ 55 ಸಾವಿರದ ಆಸುಪಾಸು. ಅದರಲ್ಲಿ ಕಲಿಯಲು ಕೊಟ್ಟ ಫೀ ಹತ್ತು ಹನ್ನೆರಡು ಸಾವಿರ ಇರಬಹುದು. ಈಗ ಒಂದು ರೋಲರ್‌ಗೆ 670 ಗ್ರಾಂ ಪಾಕ ಹಿಡಿಯುತ್ತದೆ, ಕರೆಂಟು ಸೇರಿ 180 ರೂಪಾಯಿ ಬೀಳುತ್ತದೆ. ರಬ್ಬರ್‌ಗೆ 2,200 ಕೊಟ್ಟಿದ್ದೆ. ಇನ್ನೊಂದು ಲಾಭ ಇದೆ. ಸವೆದ ರೋಲರ್ ಬಿಸಾಡೋದೇ ಬೇಡ. ಮೇಲಿನ ಮಸಿ ಹಿಡಿದ ಸಿಪ್ಪೆ ಸೀಳಿ ತೆಗೆದು, ತುಂಡು ಮಾಡಿ, ಮತ್ತೆ ಅದೇ ಹಾಲಿನ ಕುಕ್ಕರ್‌ಗೆ ಹಾಕಿ ಕರಗಿಸಿ, ಸ್ವಲ್ಪ ಹೊಸ ಸರಸ್ ಸೇರಿಸಿ ಹೊಯ್ಯೋದು. ರಬ್ಬರ್‌ನಲ್ಲಿ ಇದು ಆಗಲ್ಲ.

ಮೇ ತಿಂಗಳಲ್ಲಿ ಕಾಕಾ ಬಂದಿದ್ದರು. ಅವರ ಮೊಮ್ಮಗಳ ಲಗ್ನಪತ್ರಿಕೆ, 500 ಕಾರ್ಡ್, ನಾನೇ ಕಟ್ಟಿ ನಾನೇ ತುಳಿದು ಕೊಟ್ಟಿದ್ದೆ. ಬೆಳಿಗ್ಗೆ ಎಂಟು ಗಂಟೆ ಇರಬಹುದು. ಅವರು ಕಾರ್ಡ್ ನೋಡುವ ಮೊದಲು ಮಷಿನ್ ಹತ್ತಿರ ಹೋದರು. ರೋಲರ್ ಮೇಲೆ ಹೆಬ್ಬೆರಳು ಇಟ್ಟು ಒತ್ತಿ, ಬಿಟ್ಟು, ಗುರುತು ಏಳೋದನ್ನು ನೋಡಿದರು. ಮತ್ತೊಂದು ಕೈಯಿಂದ ತಮ್ಮ ಕಿವಿ ಹಾಲೆ ಹಿಡಿದುಕೊಂಡರು. ಏನೂ ಅನ್ನಲಿಲ್ಲ. ಆಮೇಲೆ ಚೀಲದಿಂದ ಕಾಗದ ಸುತ್ತಿದ ಎರಡು ಹಳೇ ಸರಳು ತೆಗೆದು ಟೇಬಲ್ ಮೇಲೆ ಇಟ್ಟರು. ಅವರ ಮನೆಯಲ್ಲಿರೋ, ಕರಡು ಪ್ರತಿ ತೆಗೆಯೋ ಪ್ರೂಫ್ ಪ್ರೆಸ್ಸಿನವು. ಇಪ್ಪತ್ತು ವರ್ಷದಿಂದ ಬರಿಮೈಯಲ್ಲಿ ಬಿದ್ದಿದ್ದವು. ಅಳತೆ ತಗೊಂಡಿದ್ದೇನೆ, 45ರ ಅಚ್ಚಿಗೆ ಹೊಂದುವುದಿಲ್ಲ, 60ರ ಸಿಲಿಂಡರ್ ಬೇಕು. ಹುಬ್ಬಳ್ಳಿಯ ಅದೇ ಗುಜರಿಯವನಿಗೆ ಹೇಳಿಟ್ಟಿದ್ದೇನೆ. ಸಿಕ್ಕರೆ ಜನವರಿ ಚಳಿಗೆ ಹೊಯ್ಯೋದು.